ಹಸಿರು ದಾರದ ಹೂವು

ಭಾನು ಇನ್ನೂ ಎದೆಹಾಲು ಬಿಡದ ಕೂಸಾಗಿದ್ದಾಗ ಸುಧಾಮಣಿ ಅವಳ ತಾಯಿಗೆ ಒಂದು ಮಾತು ಕೊಟ್ಟಿದ್ದಳು.

ಪೊಲೀಸ್ ಸ್ಟೇಷನ್ನಿನ ಮೆಟ್ಟಿಲ ಮೇಲೆ, ಮಟಮಟ ಮಧ್ಯಾಹ್ನ. ಸುಧಾಮಣಿ ಆಗಷ್ಟೇ ಕೆಲಸಕ್ಕೆ ಸೇರಿದ ಕಾನ್‌ಸ್ಟೇಬಲ್. ಯೂನಿಫಾರಂನ ಗಂಜಿ ಕೂಡ ಇಳಿದಿರಲಿಲ್ಲ. ಪಂಪ್‌ಸೆಟ್ ಕದ್ದನೆಂಬ ಅನುಮಾನದ ಮೇಲೆ ತಂದು ಕೂರಿಸಿದ್ದ ಲಿಂಗಯ್ಯನನ್ನು, ಪಂಪ್‌ಸೆಟ್ಟು ಬೇರೆಲ್ಲೋ ಸಿಕ್ಕಿದ ಮೇಲೆ, ಹೋಗಯ್ಯ ಎಂದು ಬಿಟ್ಟಿದ್ದರು. ಅವನು ತಲೆಯ ಮೇಲೆ ಟವೆಲ್ಲು ಮುಚ್ಚಿಕೊಂಡು ಇಳಿದ. ಹಿಂದೆ ಹೆಂಡತಿ ಸಣ್ಣತಾಯಮ್ಮ, ಕಂಕುಳಲ್ಲಿ ಭಾನು, ಸೆರಗು ಹಿಡಿದ ದೊಡ್ಡ ಮಗಳು ಭವ್ಯ. ಸಣ್ಣತಾಯಮ್ಮ ಅಳುತ್ತಿರಲಿಲ್ಲ. ಅತ್ತಿದ್ದರೆ ಸುಧಾಮಣಿ ಆ ಮಾತು ಆಡುತ್ತಿರಲಿಲ್ಲವೇನೋ.

“ನಿಮ್ಮನೆಯವರನ್ನ ಇನ್ಯಾವತ್ತೂ ಈ ಮೆಟ್ಲು ಹತ್ಸೋದಿಲ್ಲ ಕಣಕ್ಕ. ನನ್ ಕೈಲಂತೂ ಹತ್ಸೋದಿಲ್ಲ,” ಎಂದು ಅವಳ ಕೈಮೇಲೆ ಕೈಯಿಟ್ಟಿದ್ದಳು.

ಆಮೇಲೆ ಲಿಂಗಯ್ಯ ಬೇಗೂರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತದ್ದನ್ನು ಯಾರೂ ನೋಡಲಿಲ್ಲ. ನಿಂತೇ ಕುಡಿದು ಹೋಗುತ್ತಿದ್ದ. ಹಾಗೆ ನಿಂತುಕೊಂಡೇ ಬದುಕಿ, ಒಂದು ದಿನ ತೀರಿಕೊಂಡ.

ಈಗ ಸುಧಾಮಣಿ ಎ.ಎಸ್.ಐ. ಮಂಡಿ ಸವೆದಿದೆ, ನಿದ್ದೆಯೂ ಸವೆದಿದೆ. ಬೇಗೂರಿನ ಅದೇ ಸಣ್ಣತಾಯಮ್ಮನ ಜಗಲಿಯ ಮೇಲೆ, ಅದೇ ಸಣ್ಣತಾಯಮ್ಮ ಕೊಟ್ಟ ಟೀ ಲೋಟ ಹಿಡಿದು ಕೂತಿದ್ದಳು. ಟೀಯ ಮೇಲೆ ಕೆನೆ ಕಟ್ಟಿತ್ತು. ಕುಡಿಯಲು ಮನಸ್ಸು ಬರಲಿಲ್ಲ.

ಸೋಮವಾರ ಸಂಜೆ ಗುಂಡ್ಲುಪೇಟೆ ರಸ್ತೆಯ ಚರಂಡಿಯಲ್ಲಿ ಸಿಕ್ಕಿದ ದೊಡ್ಡಮಾದಯ್ಯ, ಭವ್ಯ ತೆಗೆಯುತ್ತಿದ್ದ ಕಿರುಚಿತ್ರದ ಒಬ್ಬನೇ ನಟ, ಬುಧವಾರ ಸಂಜೆಯಾದರೂ ಚಾಮರಾಜನಗರದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ.

ಜಗಲಿಯ ತುಂಬ ಸಿನಿಮಾದ ಸಾಮಾನು. ಬಿಸಿಲನ್ನು ಮುಖದ ಮೇಲೆ ತಿರುಗಿಸಲು ಥರ್ಮಾಕೋಲ್ ಹಲಗೆ, ಅದಕ್ಕೆ ಬಿರಿಯಾನಿ ಪಾರ್ಸೆಲ್ಲಿನ ಬೆಳ್ಳಿ ಹಾಳೆ ಅಂಟಿಸಿದ್ದರು. ಸೈಕಲ್ ಟ್ಯೂಬು ಸುತ್ತಿ ಮುರಿದ ಕಾಲು ಕಟ್ಟಿದ ಟ್ರೈಪಾಡು. ಒಳಗೆ ಅಡುಗೆಮನೆಯ ಮೊಳೆಗೆ ಸ್ಟಿಕ್ಕರ್ ಕೂಡ ಕೀಳದ ಹೊಸ ಟಿಫನ್ ಕ್ಯಾರಿಯರ್ ತೂಗುತ್ತಿತ್ತು. ಇಡೀ ತಂಡಕ್ಕೆ ಊಟ ತಿಂಡಿ ಸಣ್ಣತಾಯಮ್ಮನದೇ. ಭವ್ಯ ನಿರ್ದೇಶಕಿ, ಭಾನು ಮೈಕು ಹಿಡಿಯುವವಳು, ಹೊಲದ ಮಾಲೀಕ ಚಿಕ್ಕಮಲ್ಲಪ್ಪನ ಮಗ ದಿಲೀಪ್ ಕ್ಯಾಮೆರಾಮನ್. ತಂಡವೆಂದರೆ ಅಷ್ಟೇ. ಚಾಮರಾಜನಗರದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಕುಟ್ಟುವ ಭವ್ಯ, ಸಂಬಳದಲ್ಲಿ ಉಳಿಸಿ ಉಳಿಸಿ, ರಜೆ ಕೂಡಿಸಿ ಕೂಡಿಸಿ, ಚೆಂಡುಹೂವಿನ ಹೊಲ ಕಾಯುವ ಒಬ್ಬ ಮುದುಕನ ಕತೆಯನ್ನು ಚಿತ್ರ ಮಾಡಲು ಹೊರಟಿದ್ದಳು.

ಅವರೆಲ್ಲ ಹೇಳಿದ್ದು ಒಂದೇ ಕತೆ. ಭಾನುವಾರ ಸಂಜೆಯೇ ಅಜ್ಜನ ಪಾತ್ರ ಮುಗಿಯಿತು, ದಿಲೀಪ್ ಅವನನ್ನು ಬೇಗೂರು ಸ್ಟಾಪಿನಲ್ಲಿ ಬಸ್ಸು ಹತ್ತಿಸಿ ಬಂದ. ಸೋಮವಾರ ಬರೀ ಹೊಲ, ಬರೀ ಆಕಾಶ ತೆಗೆದರು. ಆ ದಿನದ ಕಾರ್ಡು ಕೆಟ್ಟುಹೋಗಿ ಏನೂ ಉಳಿಯಲಿಲ್ಲ. ಮಂಗಳವಾರ ಬಾಡಿಗೆ ಕ್ಯಾಮೆರಾ ವಾಪಸ್ ಕೊಡಲು ಮೈಸೂರಿಗೆ ಹೋದ ದಿಲೀಪ್ ಇನ್ನೂ ಬಂದಿರಲಿಲ್ಲ. ಅವನ ಫೋನು ಬೆಳಿಗ್ಗೆಯಿಂದ ಆಫ್.

ಅಪರಿಚಿತ ವಾಹನ ಡಿಕ್ಕಿ ಎಂದು ಬರೆದು ಮುಗಿಸಿ ಎಂದಿದ್ದರು ಸಾಹೇಬರು. ಸುಧಾಮಣಿಗೂ ಮುಗಿಸುವುದೇ ಬೇಕಿತ್ತು. ಮನೆಯಲ್ಲಿ ಮಗಳಿಗೆ ಪರೀಕ್ಷೆ, ಬಟ್ಟೆ ನೆನೆಹಾಕಿ ಎರಡು ದಿನವಾಗಿತ್ತು. ಆದರೆ ಆಸ್ಪತ್ರೆಯ ಡಾಕ್ಟರು, ಗಾಡಿ ಹೊಡೆದವನ ಮೈ ಹೀಗಿರುವುದಿಲ್ಲ ಎಂದರು. ಒಂದು ಮಂಡಿ ಊದಿದೆ, ತಲೆಯ ಹಿಂದೆ ಒಂದೇ ಒಂದು ಪೆಟ್ಟು. ಆ ಪೆಟ್ಟು ಬಿದ್ದವನು ಆಮೇಲೆ ಒಂದು ಮಾತೂ ಆಡಿರಲಾರ ಎಂದರು.

ಹೊರಗೆ ಬೆಂಚಿನ ಮೇಲೆ ದೊಡ್ಡಮಾದಯ್ಯನ ಹೆಂಡತಿ ಪುಟ್ಟಸಿದ್ದಮ್ಮ ಗಂಡನ ಟವೆಲ್ಲನ್ನು ತೊಡೆಯ ಮೇಲೆ ಮಡಿಸಿಟ್ಟುಕೊಂಡು ಕೂತಿದ್ದಳು. ಮದುವೆಯಾದಾಗಿನಿಂದ ಗಂಡ ನಾಟಕದ ವೇಷ ಕಟ್ಟಿದವನು. ಅವಳನ್ನು ಒಂದು ಸಲವೂ ನೋಡಲು ಕರೆದುಕೊಂಡು ಹೋದವನಲ್ಲ. ಈ ಸಲ ಫೋನಿನಲ್ಲೇ ನೋಡಬಹುದು ಅಂದಿದ್ದನಂತೆ. ಆ ಹುಡುಗಿ ಚಿತ್ರ ಕೊಡುತ್ತಾಳಾ ಎಂದು ಕೇಳಿ, ಟವೆಲ್ಲಿನ ತುದಿಯ ಗಂಟು ಬಿಚ್ಚಿ ಒಂದು ಚೆಂಡುಹೂವು ತೆಗೆದು ತೋರಿಸಿದಳು. ಇವನಿಗೆ ಹೂವು ಕಟ್ಟಿಕೊಂಡು ಬರುವ ಚಟ, ನನಗೇ ತಂದಿದ್ದು ಎಂದಳು.

ಬಾಡಿದ ಹೂವು. ತೊಟ್ಟಿಗೆ ಹಸಿರು ದಾರ ಸುತ್ತಿ ಕಟ್ಟಿತ್ತು. ತೊಟ್ಟೂ ಹಸಿರು, ದಾರವೂ ಹಸಿರು. ಕಣ್ಣಿಗೆ ಬೀಳದ ಹಾಗೆ ಕಟ್ಟಿದ್ದರು.

ಅಲ್ಲಿಂದ ಸುಧಾಮಣಿ ನೇರ ಹೊಲಕ್ಕೆ ಬಂದಿದ್ದಳು.

ಚಿಕ್ಕಮಲ್ಲಪ್ಪ ಬದುವಿನ ಮೇಲೆ ನಿಂತು ಎಲೆಯಡಿಕೆ ಜಗಿಯುತ್ತಿದ್ದ. ಹೂವಿನ ಕಂಪನಿ ಲಾರಿ ಭಾನುವಾರ ಸಂಜೆ ಹೇಳದೆ ಕೇಳದೆ ಬಂತು, ಕೂಲಿಯವರನ್ನು ಬಿಟ್ಟು ಕತ್ತಲಾಗುವಷ್ಟರಲ್ಲಿ ಬಾವಿ ಕಡೆಯ ಪಟ್ಟೆಯನ್ನೆಲ್ಲ ಬಿಡಿಸಿಬಿಟ್ಟೆ ಎಂದ. ಸಿನಿಮಾದವರನ್ನು ಕೇಳಿಕೊಂಡು ಹೂವು ಬಿಡಿಸೋಕಾಗುತ್ತಾ ಎಂದು ಅವಳನ್ನೇ ಕೇಳಿದ. ಆಮೇಲೆ ತಾನೇ ನಕ್ಕ.

“ಬೆಳಗಾನೆದ್ದು ಬೋಳು ಗಿಡ ನೋಡಿ ಆ ಎಣ್ಮಗ ಅತ್ತೇಬುಡ್ತು ಕಣಮ್ಮ. ನೆನ್ನೆ ತುಂಬ್ದೊಲ, ಇವತ್ತು ಬೋಳೊಲ, ಎಂಗ್ ಜೋಡುಸ್ಲಿ ಅಂತ. ಆಮೇಕೆ ನೋಡು, ಲಾರಿಗಾಕಿ ಉಳ್ದಿದ್ದ ಮೂಟೆ ಬಿಚ್ಕಂಡು, ಒಂದೊಂದೇ ಊವ ವಾಪಸ್ ಗಿಡಕ್ಕೇ ಕಟ್ತಾ ಕೂತ್ಕಂಡ್ರು. ಕಿತ್ತೂವ ಗಿಡಕ್ಕೆ ಕಟ್ಟಾದು ನಾನು ಉಟ್ದಾಗಿಂದ ಕಂಡಿರ್ಲಿಲ್ಲ.”

ಬಾವಿಯ ಪಕ್ಕದ ಎರಡು ಸಾಲು ಗಿಡಗಳಲ್ಲಿ ಆ ಹೂವುಗಳು ಇನ್ನೂ ನೇತಾಡುತ್ತಿದ್ದವು. ಕಂದು ಬಣ್ಣಕ್ಕೆ ತಿರುಗಿ, ನೇಣು ಬಿಗಿದಂತೆ, ಹಸಿರು ದಾರದಲ್ಲಿ.

ಭಾನುವಾರ ಸಂಜೆ ಹೂವು ಕಿತ್ತರು. ಸೋಮವಾರ ಬೆಳಿಗ್ಗೆ ಕಟ್ಟಿದರು. ಭಾನುವಾರ ಸಂಜೆಯೇ ಬಸ್ಸು ಹತ್ತಿದವನ ಟವೆಲ್ಲಿಗೆ ಸೋಮವಾರ ಕಟ್ಟಿದ ಹೂವು ಬಂದದ್ದು ಹೇಗೆ?

ಅದನ್ನೇ ಈಗ, ಜಗಲಿಯ ಮೇಲೆ, ಟೀ ಲೋಟದ ಪಕ್ಕದಲ್ಲಿ ಹೂವನ್ನಿಟ್ಟು ಸುಧಾಮಣಿ ಕೇಳಿದಳು. ದನಿ ಏರಿಸಲಿಲ್ಲ. ಏರಿಸುವಷ್ಟು ಶಕ್ತಿಯೂ ಇರಲಿಲ್ಲ.

ಭವ್ಯ ಹೂವನ್ನು ನೋಡಿದಳು. ದಾರವನ್ನು ಬೆರಳಲ್ಲಿ ಮುಟ್ಟಿದಳು. ಅಮ್ಮನ ಹೊಲಿಗೆ ಡಬ್ಬಿಯ ದಾರ. ಕ್ಯಾಮೆರಾಕ್ಕೆ ಕಾಣಬಾರದೆಂದು ತಾನೇ ಆರಿಸಿದ ಬಣ್ಣ.

“ಮೇಡಂ, ತಪ್ಪು ನಂದೇ,” ಎಂದಳು. “ಅಜ್ಜ ಬಸ್ ಹತ್ತಿರ್ಲಿಲ್ಲ.”

ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದು ತಾನಾಗಿಯೇ ಬಂತು. ಭಾನುವಾರ ಕತ್ತಲಾದ ಮೇಲೆ ಅಜ್ಜ ಹೊಲದ ಪಂಪ್ ಮನೆಯಲ್ಲೇ ಮಲಗಿದ. ಬೆಳಿಗ್ಗೆ ಅವನೂ ಕೂತು ಹೂವು ಕಟ್ಟಿದ, ಒಂದನ್ನು ಹೆಂಡತಿಗೆಂದು ಟವೆಲ್ಲಿಗೆ ಸೇರಿಸಿಕೊಂಡ. ಉಳಿದಿದ್ದು ಒಂದೇ ಶಾಟು. ಕಾವಲುಗಾರ ಬಾವಿಯ ಮೆಟ್ಟಿಲಿಳಿದು, ನೀರಿನಲ್ಲಿ ತನ್ನ ಮುಖ ನೋಡಿಕೊಂಡು, ಬಾರದ ಮಗನನ್ನು ಕೂಗುವುದು. ನಾಲ್ಕು ಸಲ ತೆಗೆದರು. ಮಂಡಿ ನೋವು ಕಣವ್ವ, ನಾಳಿಕೆ ಮಾಡಾನ ಎಂದ ಅಜ್ಜ. ನಾಳೆ ಕ್ಯಾಮೆರಾ ಇರುವುದಿಲ್ಲ, ಇನ್ನೊಂದೇ ಒಂದು ಎಂದು ಭವ್ಯ ಹಟ ಹಿಡಿದಳು. ಐದನೆಯ ಸಲ ಅವನು ಜಾರಿದ.

“ಬಿದ್ದೋರು ಮಾತೇ ಆಡ್ಲಿಲ್ಲ. ನಾನೂ ದಿಲೀಪನೂ ಎತ್ಕೊಂಡೋಗಿ ರೋಡ್ ಪಕ್ಕ ಮಲಗಿಸ್ಬುಟ್ವಿ. ಯಾರಾದ್ರೂ ನೋಡಿ ಆಸ್ಪತ್ರೆಗೆ ಸೇರಿಸ್ತಾರೆ ಅಂತ. ಕಾರ್ಡ್ ಅಳಿಸಿದ್ದೂ ನಾನೇ.”

ಸುಧಾಮಣಿಯ ಎದೆಯಿಂದ ಒಂದು ಭಾರ ಇಳಿದಂತಾಯಿತು. ಆಕಸ್ಮಿಕ. ಎತ್ತಿ ಹಾಕಿದ್ದು ತಪ್ಪು, ಸುಳ್ಳು ಹೇಳಿದ್ದೂ ತಪ್ಪು. ಆದರೂ ಹೇಳಿಕೆಯನ್ನು ಈ ಜಗಲಿಯ ಮೇಲೆಯೇ ಬರೆದುಕೊಳ್ಳಬಹುದು. ಹುಡುಗಿ ಮೆಟ್ಟಿಲು ಹತ್ತುವ ಅಗತ್ಯವಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಸಣ್ಣತಾಯಮ್ಮ ಸೆರಗಿನಿಂದ ಕೈ ಒರೆಸುತ್ತ ನಿಂತಿದ್ದಳು. ಒರೆಸಿದ ಕೈಯನ್ನೇ ಮತ್ತೆ ಒರೆಸುತ್ತಿದ್ದಳು.

ಫೋನು ಹೊಡೆದುಕೊಂಡಿತು. ಮಗಳು. ಕುಕ್ಕರ್ ಎಷ್ಟು ವಿಷಲ್ ಕೂಗಿಸಬೇಕು ಅಂತ. ಮೂರು ಎಂದು ಹೇಳಿ ಇಟ್ಟಳು.

ಇಟ್ಟ ಮೇಲೆ ಅನುಮಾನ ಬಂತು.

ಜಾರಿ ಬಿದ್ದದ್ದು ನಿಜವಾದರೆ ಆ ಕಾರ್ಡಿನಲ್ಲಿ ಇದ್ದದ್ದು ಅದೇ. ಯಾರೂ ತಳ್ಳಲಿಲ್ಲ, ಯಾರೂ ಮುಟ್ಟಲಿಲ್ಲ ಎಂದು ತೋರಿಸುವ ಒಂದೇ ಸಾಕ್ಷಿ. ತನ್ನನ್ನು ಕಾಯುವ ಚಿತ್ರವನ್ನು ಯಾರಾದರೂ ತಾವೇ ಅಳಿಸುತ್ತಾರೆಯೇ? ಅಳಿಸಿದ್ದರೆ ಕಾಯಬೇಕಿದ್ದದ್ದು ಬೇರೆ ಯಾರನ್ನೋ.

ನಿನ್ನೆ ಇದೇ ಭವ್ಯ ಮರದ ಕ್ಲ್ಯಾಪ್ ಹಲಗೆಯನ್ನು ಕೈಗೆ ಕೊಟ್ಟು ಸಂಭ್ರಮದಿಂದ ವಿವರಿಸಿದ್ದಳು. ನಮ್ಮಂಥ ಬಡವರ ಸಿನಿಮಾದಲ್ಲಿ ಕ್ಯಾಮೆರಾದ ಪಾಡಿಗೆ ಚಿತ್ರ, ಮೈಕಿನ ಪಾಡಿಗೆ ಶಬ್ದ. ಎರಡೂ ಬೇರೆ ಬೇರೆ ಕಾರ್ಡು. ಕೊನೆಗೆ ಎರಡನ್ನೂ ಕೂಡಿಸಲು ಇದರ ಟಪ್ ಎನ್ನುವ ಸದ್ದೇ ಗಂಟು.

“ಚಿತ್ರ ಅಳಿಸ್ದೆ, ಸರಿ,” ಎಂದಳು ಸುಧಾಮಣಿ. “ಶಬ್ದ ಎಲ್ಲಿ ಮಗ?”

ಭವ್ಯ ತಂಗಿಯ ಕಡೆ ತಿರುಗಿದಳು. ಗಾಬರಿಯಲ್ಲಿ ಎಲ್ಲರೂ ಕ್ಯಾಮೆರಾವನ್ನೇ ನೆನೆದಿದ್ದರು. ಈಗ ಮೂಲೆಯಲ್ಲಿ ಕೂತಿದ್ದ ತಂಗಿಯ ಕೊರಳಲ್ಲಿ ಆ ದಿನ ಓಡಿದ್ದ ಪುಟ್ಟ ಪೆಟ್ಟಿಗೆಯಲ್ಲಿ ಶಬ್ದ ಉಳಿದಿದೆ ಎಂಬುದು ಯಾರಿಗೂ ಹೊಳೆದಿರಲಿಲ್ಲ.

ಭಾನುವಿಗೆ ಗೊತ್ತಿತ್ತು. ಅವಳು ಎದ್ದು, ಅಕ್ಕಿ ಡಬ್ಬದೊಳಗೆ ಕೈಯಿಟ್ಟು, ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ್ದ ರೆಕಾರ್ಡರ್ ತೆಗೆದಳು. ಮೂರು ದಿನದಿಂದ ಅದನ್ನು ಅಳಿಸಲೂ ಆಗದೆ, ಕೊಡಲೂ ಆಗದೆ, ಹೊಟ್ಟೆಗೆ ಅನ್ನ ಸೇರದೆ ಕೂತಿದ್ದಳು. ಭವ್ಯ ಬೇಡ ಕಣೇ ಎಂದಳು, ಮೆಲ್ಲಗೆ. ಭಾನು ತಾಯಿಯ ಕಡೆ ನೋಡಲಿಲ್ಲ. ಹೆಡ್‌ಫೋನನ್ನು ಸುಧಾಮಣಿಯ ಕಿವಿಗೆ ತಾನೇ ಹಾಕಿದಳು.

ಜಗಲಿಯ ಸದ್ದೆಲ್ಲ ನಿಂತುಹೋಯಿತು. ಹೊಲದ ಗಾಳಿ ಬಂತು. ಎಲ್ಲೋ ನವಿಲು, ದೂರದಲ್ಲಿ ಕೇರಳದ ಕಡೆ ಹೋಗುವ ಲಾರಿಗಳು.

ಭವ್ಯಳ ದನಿ. ಸೀನ್ ಹನ್ನೊಂದು, ಶಾಟ್ ಮೂರು, ಟೇಕ್ ಐದು. ಟಪ್.

“ಬಾರ್ಲಾ ಮಗ,” ಎಂದು ದೊಡ್ಡಮಾದಯ್ಯ ಕೂಗಿದ. ವಯಸ್ಸಾದ ಗಂಟಲು, ಆದರೂ ಬಯಲು ತುಂಬುವ ನಾಟಕದ ಗಂಟಲು. “ಊವೆಲ್ಲ ಕಾಯ್ತಾವೆ ಬಾರ್ಲಾ.”

ಆಮೇಲೆ ಜರ್ರೆಂದು ಕಲ್ಲು. ಭವ್ಯಳ ಕಿರುಚು.

ಆಮೇಲೆ ನಗು. ಮುದುಕನ ನಗು, ನೋವಿನ ನಡುವೆ.

“ಏನಿಲ್ಲ ಕಣ್ ಕೂಸೇ, ಮಂಡಿ ಓಯ್ತು ಅಷ್ಟೆಯ. ಇದ್ನೂ ಇಡ್ಕಂಡ್ಯಾ ಕ್ಯಾಮ್ರದಲ್ಲಿ?”

ಸುಧಾಮಣಿ ಕಣ್ಣು ಮುಚ್ಚಿದಳು. ಬಿದ್ದವನು ಮಾತಾಡಿದ್ದ. ತಮಾಷೆ ಮಾಡಿದ್ದ. ತಲೆಗೆ ಆ ಪೆಟ್ಟು ಇನ್ನೂ ಬಿದ್ದಿರಲಿಲ್ಲ.

ನಾನು ಗಾಡಿ ತತ್ತೀನಿ ಎಂದು ದಿಲೀಪನ ದನಿ. ಓಡುವ ಹೆಜ್ಜೆ, ದೂರವಾಯಿತು. ಭಾನುವಿನ ಉಸಿರು, ಮೈಕಿಗೆ ಹತ್ತಿರದಲ್ಲಿ. ಮತ್ತೆ ಇನ್ನೊಂದು ಹೆಜ್ಜೆ, ನಿಧಾನ, ಹವಾಯಿ ಚಪ್ಪಲಿಯದು. ಕಲ್ಲಿನ ಮೇಲೆ ಸ್ಟೀಲಿನ ಏನನ್ನೋ ಇಟ್ಟ ಸದ್ದು. ಹಿಡಿಕೆ ಕಿಣಿ ಎಂದಿತು.

“ಅವ್ವಾ ಸಣ್ತಾಯಿ,” ಎಂದ ದೊಡ್ಡಮಾದಯ್ಯ. ದನಿಯಲ್ಲಿ ಈಗ ನಾಟಕ ಇರಲಿಲ್ಲ. “ಬಂದ್ಯಾ. ನಿನ್ ತಾವ ಒಂದ್ ಮಾತು ಯೋಳ್ಬೇಕಿತ್ತು ಕಣವ್ವ. ನಿನ್ ಗಂಡುನ್ ಇಚಾರ.”

ಆಮೇಲೆ ಹೆಂಗಸಿನ ದನಿ.

“ಭಾನು, ಅದ್ನ ಆಫ್ ಮಾಡು. ನೀವಿಬ್ರೂ ಮನೆಗೋಗಿ.”

ಅಷ್ಟೇ. ಮುಂದೆ ಏನೂ ಇರಲಿಲ್ಲ.

ಸುಧಾಮಣಿ ಕಣ್ಣು ತೆರೆದಳು. ಕಿವಿಯೊಳಗೆ ಯಾರ ದನಿ ಮಾತಾಡಿ ಮುಗಿಸಿತ್ತೋ ಅವಳು ಎದುರಿಗೆ, ಅಡುಗೆಮನೆ ಬಾಗಿಲಲ್ಲಿ, ತುಟಿ ಬಿಗಿದು ನಿಂತಿದ್ದಳು.

ಹಳೆಯದೊಂದು ದಿನ ಸುಧಾಮಣಿಗೆ ಮರಳಿ ಬಂತು. ಪಂಪ್‌ಸೆಟ್ಟಿನ ಕೇಸು. ಲಿಂಗಯ್ಯನೇ ಹೊತ್ತುಕೊಂಡು ಹೋಗಿದ್ದು, ನನ್ನ ಕಣ್ಣಾರೆ ಕಂಡೆ ಎಂದು ಸ್ಟೇಷನ್ನಿಗೆ ಬಂದು ಹೇಳಿದ್ದ ಸಾಕ್ಷಿ. ಅದೂ ಇದೇ ಬಯಲು ತುಂಬುವ ಗಂಟಲು, ದೊಡ್ಡಮಾದಯ್ಯನದು. ಇಷ್ಟು ದಿನ ಆಸ್ಪತ್ರೆಯ ಮಂಚದ ಮೇಲೆ ನೋಡಿದ ಮುಖಕ್ಕೂ ಆ ಗಂಟಲಿಗೂ ಗಂಟು ಹಾಕಿರಲಿಲ್ಲ. ಸುಸ್ತಾದ ತಲೆಗೆ ಎಷ್ಟೊಂದು ದಾರ ಕಾಣುವುದಿಲ್ಲ.

ಹೆಣ್ಣುಮಕ್ಕಳಿಗೆ ಇದು ಗೊತ್ತಿರಲಿಲ್ಲ. ಅಪ್ಪನ ಹೆಸರು ಹೇಳಿದವನು ಯಾರೆಂದು ತಾಯಿ ಯಾವತ್ತೂ ಬಾಯಿ ಬಿಟ್ಟಿರಲಿಲ್ಲ. ಮೊದಲ ದಿನ ಅಜ್ಜನಿಗೆ ಅನ್ನ ಬಡಿಸುವಾಗ ಅವ್ವ ಅವನ ಮುಖ ನೋಡಲಿಲ್ಲ, ಎಲೆಯನ್ನೇ ನೋಡಿ ಬಡಿಸಿದಳು ಎಂದು ಭಾನು ಈಗ ಹೇಳಿದಳು. ಹೇಳಿ ಗೋಡೆ ಕಡೆ ತಿರುಗಿಕೊಂಡಳು. ಗಾಡಿ ತಂದ ದಿಲೀಪನಿಗೆ ಬಾವಿಯ ಹತ್ತಿರ ಯಾರೂ ಸಿಗಲಿಲ್ಲ. ಅಜ್ಜ ರಸ್ತೆಯಲ್ಲಿ ಸಿಕ್ಕಿದ ಸುದ್ದಿ ಕೇಳಿದ ಮೇಲೆ, ಬಸ್ಸಿನ ಕತೆಯನ್ನು ಹೆಣೆದದ್ದು ಭವ್ಯ. ಎತ್ತಿಕೊಂಡು ಹೋದೆವು ಎಂದದ್ದೂ ಸುಳ್ಳು. ತಾಯಿಯನ್ನು ಏನಾಯಿತೆಂದು ಕೇಳುವ ಧೈರ್ಯ ಇಬ್ಬರಿಗೂ ಬಂದಿರಲಿಲ್ಲ.

“ಅಕ್ಕ,” ಎಂದಳು ಸುಧಾಮಣಿ, ಮೊಳೆಗೆ ತೂಗುತ್ತಿದ್ದ ಹೊಸ ಕ್ಯಾರಿಯರನ್ನು ನೋಡುತ್ತ. “ಬಾವಿ ಹತ್ರ ಊಟ ತಂದಿದ್ದ ಹಳೇ ಕ್ಯಾರಿಯರ್ ಎಲ್ಲಿ?”

ಸಣ್ಣತಾಯಮ್ಮ ಒಳಗೆ ಹೋದಳು. ಒಲೆ ಆರಿಸಿದಳು. ಹಾಲು ಬೆಕ್ಕಿನ ಬಾಯಿಗೆ ಬೀಳದಂತೆ ತಟ್ಟೆ ಮುಚ್ಚಿ, ಮೇಲೆ ಕಲ್ಲಿಟ್ಟಳು. ಬೇರೆ ಸೀರೆ ಉಡಲೋ ಎಂಬಂತೆ ಒಮ್ಮೆ ನಿಂತು, ಬೇಡವೆಂದು ತಲೆಗೂದಲನ್ನಷ್ಟೇ ಒತ್ತಿ ಗಂಟು ಹಾಕಿದಳು.

“ನಡೀ ಸುಧಾಮಣವ್ವ,” ಎಂದಳು. “ಓಗನ.”

ಭವ್ಯ ಅಡ್ಡ ಬಂದಳು. ತಪ್ಪೆಲ್ಲ ನಂದು ಅಂತ ಬರ್ಕೊಳಿ ಮೇಡಂ, ಸಹಿ ಹಾಕ್ತೀನಿ, ಸಿನಿಮಾನೂ ಬೇಡ ಏನೂ ಬೇಡ ಎಂದು ಬಡಬಡಿಸಿದಳು. ತಾಯಿ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿದಳು, ದಾರಿಯಲ್ಲಿ ಮಲಗಿದ ಕರುವನ್ನು ಸರಿಸಿದ ಹಾಗೆ.

“ಬುಡು ಕಣಮ್ಮಿ. ಆ ಮುದ್ಕಿ ಗಂಡುನ್ ಪಟ ನೋಡ್ಬೇಕಂತೆ. ಉಳ್ದಿರದ್ನ ಜೋಡ್ಸಿ ಕೊಡು.”

ಜೀಪಿನಲ್ಲಿ ಹಿಂದಿನ ಸೀಟು. ಪಕ್ಕದಲ್ಲಿ ಸುಧಾಮಣಿ. ಬೇಗೂರು ದಾಟಿತು. ಹೆದ್ದಾರಿಯ ಎರಡು ಕಡೆಯೂ ಬಿಡಿಸದ ಹೊಲಗಳು ಹಳದಿಯಾಗಿ ಹರಡಿಕೊಂಡಿದ್ದವು. ರಸ್ತೆ ಪಕ್ಕ ಕಾರು ನಿಲ್ಲಿಸಿಕೊಂಡು ಮಲಯಾಳಿ ಸಂಸಾರವೊಂದು ಹೂವಿನ ನಡುವೆ ಫೋಟೊ ತೆಗೆಸಿಕೊಳ್ಳುತ್ತಿತ್ತು. ಆ ಚರಂಡಿ ಬಂದಾಗ ಸಣ್ಣತಾಯಮ್ಮ ಅತ್ತ ತಿರುಗಿ ನೋಡಿದಳು.

ಬಾವಿಯಿಂದ ಇಲ್ಲಿಗೆ ಎಷ್ಟು ದೂರ ಎಂದು ಸುಧಾಮಣಿ ಆಗ ಲೆಕ್ಕ ಹಾಕಿದಳು. ಒಂದು ಹೊಲ, ಒಂದು ಬೇಲಿ, ಒಂದು ಏರು. ಮೈ ತುಂಬಿದ ಗಂಡಾಳು ದೊಡ್ಡಮಾದಯ್ಯ. ಈ ಹೆಂಗಸಿನ ತೋಳು ಒಣಗಿದ ಅವರೆಕಡ್ಡಿ. ಮಕ್ಕಳನ್ನು ಮನೆಗೆ ಕಳಿಸಿಯಾಗಿತ್ತು.

ಒಬ್ಬಳೇ ಹೊರಲಾರಳು. ಕೇಳುವ ಮೊದಲೇ ಸಣ್ಣತಾಯಮ್ಮ ಹೇಳಿದಳು.

“ತಲೆ ಇಡ್ಕಂಡಿದ್ದು ನಾನು. ಕಾಲ್ ಇಡ್ಕಂಡೋರು ದಿಲೀಪ ಅಲ್ಲ.”

“ಮತ್ತ್ಯಾರಕ್ಕ?”

“ಆ ಎಸ್ರ ನಾ ಯೋಳಕಿಲ್ಲ ಕಣವ್ವ. ಯೋಳುದ್ರೆ ಇನ್ನೊಂದ್ ಮನೆಯೋರು ನಿನ್ ಮೆಟ್ಲತ್ತಾರೆ. ಆ ಮನೇಲೂ ಎಣ್ಮಕ್ಳವೆ.”

ಸುಧಾಮಣಿಯ ಫೋನು ಮತ್ತೆ ಹೊಡೆದುಕೊಂಡಿತು. ಮಗಳಿರಬೇಕೆಂದು ತೆಗೆದಳು. ಆಸ್ಪತ್ರೆಯಿಂದ ಪುಟ್ಟಸಿದ್ದಮ್ಮ. ಗಂಡ ಕಣ್ಣು ಬಿಟ್ಟ, ಮಾತು ಇನ್ನೂ ಬಂದಿಲ್ಲ ಎಂದಳು. ಆಮೇಲೆ ದನಿ ತಗ್ಗಿಸಿದಳು. ನೋಡಲೆಂದು ಯಾರೋ ದೊಡ್ಡ ಮನುಷ್ಯರು ಎಲೆಯಡಿಕೆ ಜಗಿಯುತ್ತ ಹಣ್ಣು ಹಿಡಿದುಕೊಂಡು ಬಂದಿದ್ದಾರೆ, ಅವರನ್ನು ಕಂಡದ್ದೇ ಇವನು ಟವೆಲ್ಲಿಗಾಗಿ ಕೈಯಾಡಿಸಿ ಮುಖ ಮುಚ್ಚಿಕೊಂಡುಬಿಟ್ಟ ಎಂದಳು. ಯಾರೆಂದು ಕೇಳುವಷ್ಟರಲ್ಲಿ ಲೈನು ಕಡಿಯಿತು.

ಜೀಪು ಸ್ಟೇಷನ್ನಿನ ಮುಂದೆ ನಿಂತಿತು. ಅವೇ ಮೆಟ್ಟಿಲು, ಅಂಚು ಸವೆದು, ಮಧ್ಯೆ ಹೊಸ ಸಿಮೆಂಟು ಮೆತ್ತಿದ್ದರು. ಸಣ್ಣತಾಯಮ್ಮ ತಲೆಯ ಮೇಲೆ ಸೆರಗು ಎಳೆದುಕೊಳ್ಳಲಿಲ್ಲ. ಸುಧಾಮಣಿ ಅವಳ ಮೊಣಕೈ ಹಿಡಿದಳು, ಮಂಡಿ ನೋವಿದ್ದದ್ದು ತನಗೋ ಅವಳಿಗೋ ಎಂದು ಗೊತ್ತಾಗದಂತೆ.

ಇಬ್ಬರೂ ಹತ್ತಿದರು.

ಸುಧಾಮಣಿ ಕೊಟ್ಟಿದ್ದ ಮಾತು ಮುರಿಯಿತು.